ಮಳೆಗಾಲಕ್ಕೆ ನಿಲ್ಲಿಸಿದ ಬೈಕು: ಟ್ಯಾಂಕು ತುಂಬಿಸಿಡಬೇಕೋ, ಬರಿದು ಮಾಡಬೇಕೋ?

ರೋಹಿಣಿ ಮಳೆ ಮುಗಿದು ಮೃಗಶಿರ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರ ಕಳೆಯುತ್ತಿದ್ದ ಹಾಗೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಬೈಕು ಮೂಲೆ ಸೇರುತ್ತದೆ. ದಿನಬಳಕೆಯ ಸ್ಕೂಟರೋ ಜೀಪೋ ಮಳೆಯಲ್ಲೂ ಓಡಾಡುತ್ತಲೇ ಇರುತ್ತದೆ. ನಿಲ್ಲುವುದು ಅಪ್ಪನ ಕಾಲದ ಬುಲೆಟ್, ಮೈಸೂರಿನಲ್ಲಿ ತಯಾರಾದ ಯೆಜ್ಡಿ, ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬಂದಾಗ ಮಾತ್ರ ತೆಗೆಯುವ ಆರ್‌ಎಕ್ಸ್ 100. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ; ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬಾರದು. ಆದರೆ ನಿಂತ ಬೈಕಿನ ಮಟ್ಟಿಗೆ ಎರಡೂ ಕಡೆ ಸಮಸ್ಯೆ ಒಂದೇ, ಪ್ರಮಾಣ ಮಾತ್ರ ಬೇರೆ.

ಇದಕ್ಕೆ ಇಂಟರ್ನೆಟ್ಟಿನಲ್ಲಿ ಸಲಹೆ ಹುಡುಕಿದರೆ ಸಿಗುವುದರಲ್ಲಿ ಬಹುಪಾಲು ಹಿಮ ಬೀಳುವ ದೇಶಗಳದ್ದು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಬೈಕು ನಾಲ್ಕೈದು ತಿಂಗಳು ಗ್ಯಾರೇಜಿನಲ್ಲಿರುತ್ತದೆ. ಟ್ಯಾಂಕ್ ಭರ್ತಿ ಮಾಡಿ, ಪೆಟ್ರೋಲು ಬೇಗ ಕೆಡದಂತೆ ಅದಕ್ಕೆ ಸ್ಟೆಬಿಲೈಜರ್ ಹಾಕಿ, ಒಣ ಜಾಗದಲ್ಲಿಡಿ ಅನ್ನುವುದು ಅವರ ಸಲಹೆ. ಮೊದಲ ಎರಡು ಮಾತು ನಮಗೂ ಸಲ್ಲುತ್ತವೆ. ತೊಡಕಿರುವುದು ಮೂರನೆಯದರಲ್ಲಿ. ನಮ್ಮ ಚಳಿಗಾಲ ಬೈಕು ಓಡಿಸಲು ಒಳ್ಳೆಯ ಕಾಲ. ಬೈಕು ನಿಲ್ಲುವುದು ಮಳೆಗೆ. ಆಶ್ಲೇಷ ಮಳೆ ಹೊಡೆಯುವಾಗ ಮಲೆನಾಡಿನ ಮನೆಯಲ್ಲಿ ಒಣಗಿದ ಜಾಗ ಯಾವುದಿರುತ್ತದೆ? ಬಚ್ಚಲೊಲೆಯ ಪಕ್ಕ, ಅಡುಗೆಮನೆಯ ಅಟ್ಟ, ಸೌದೆ ಒಣಗಲು ಒಟ್ಟುವ ಮೂಲೆ. ಎಲ್ಲಿ ಬೆಂಕಿಯಿದೆಯೋ ಅಲ್ಲಿ ಮಾತ್ರ ಒಣಹವೆ. ತುಕ್ಕಿನಿಂದ ಕಾಪಾಡುವ ಜಾಗ ಬೆಂಕಿಗೆ ಹತ್ತಿರ, ಬೆಂಕಿಯಿಂದ ದೂರದ ಜಾಗದಲ್ಲಿ ತುಕ್ಕು ಖಾತ್ರಿ. ಇವೆರಡರ ನಡುವೆ ತೀರ್ಮಾನ ಮಾಡಬೇಕಾದರೆ ಟ್ಯಾಂಕಿನೊಳಗೆ ನಿಜವಾಗಿ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ನೀರು ಎಲ್ಲಿಂದ ಬರುತ್ತದೆ

ಖಾಲಿ ಜಾಗವಿದ್ದರೆ ಗಾಳಿಯ ತೇವ ಒಳಗೆ ಹೋಗಿ ನೀರಾಗುತ್ತದೆ ಅನ್ನುವುದು ಎಲ್ಲರೂ ಹೇಳುವ ಮಾತು. ಸುಳ್ಳಲ್ಲ, ಆದರೆ ಎಷ್ಟು ನೀರು ಅಂತ ಲೆಕ್ಕ ಹಾಕಿದವರು ಕಡಿಮೆ. 25 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು 23 ಗ್ರಾಂ. ಹನ್ನೆರಡು ಲೀಟರಿನ ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿನ ಆರು ಲೀಟರ್ ಗಾಳಿಯಲ್ಲಿ ಹೆಚ್ಚೆಂದರೆ 0.14 ಗ್ರಾಂ, ಅಂದರೆ ಮೂರು ಹನಿ. ಹಗಲು ಬಿಸಿಗೆ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಂಪಿಗೆ ಹೊಸ ಗಾಳಿ ಒಳಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹಗಲಿಗೂ ರಾತ್ರಿಗೂ ಉಷ್ಣಾಂಶದ ಅಂತರವೇ ಕಡಿಮೆ. ಆದರೂ ಧಾರಾಳವಾಗಿ ದಿನಕ್ಕೆ ಅರ್ಧ ಲೀಟರ್ ಹೊಸ ಗಾಳಿ ಒಳಗೆ ಬಂದು, ಅದರ ತೇವವೆಲ್ಲ ಅಲ್ಲೇ ಉಳಿಯಿತು ಅಂತಿಟ್ಟುಕೊಳ್ಳೋಣ. ನಾಲ್ಕು ತಿಂಗಳಿಗೆ ಒಂದೂವರೆ ಮಿಲಿಲೀಟರ್ ಆಗುವುದೂ ಕಷ್ಟ.

ಹಾಗಾದರೆ ಮಳೆಗಾಲ ಕಳೆದು ತೆಗೆದ ಟ್ಯಾಂಕಿನ ತಳದಲ್ಲಿ ಅರ್ಧ ಲೋಟ ನೀರು ಸಿಗುವುದು ಹೇಗೆ? ಮುಚ್ಚಳದಿಂದ. ಈಗಿನ ಬಹಳಷ್ಟು ಬೈಕುಗಳಲ್ಲಿ ಮುಚ್ಚಳ ಟ್ಯಾಂಕಿನ ಮೇಲ್ಮೈಗೆ ಸಮನಾಗಿ, ಒಂದು ತಗ್ಗಿನಲ್ಲಿ ಕೂತಿರುತ್ತದೆ. ಆ ತಗ್ಗಿಗೆ ಬಿದ್ದ ನೀರು ಹರಿದುಹೋಗಲು ಸಣ್ಣದೊಂದು ತೂತಿದ್ದು, ಅಲ್ಲಿಂದ ನಳಿಗೆಯೊಂದು ಟ್ಯಾಂಕಿನ ಒಳಗಿಂದಲೇ ಕೆಳಕ್ಕೆ ಇಳಿದಿರುತ್ತದೆ. ಅದು ಕಟ್ಟಿಕೊಂಡರೆ ಮುಚ್ಚಳದ ಸುತ್ತ ನೀರು ನಿಲ್ಲುತ್ತದೆ. ಧೂಳು ಕಟ್ಟುವುದು ಒಂದಾದರೆ, ನಮ್ಮ ಕಡೆ ಕುಂಬಾರ ಹುಳ ಇನ್ನೊಂದು. ಎಲ್ಲಿ ಬೆರಳು ತೂರುವಷ್ಟು ತೂತು ಕಂಡರೂ ಮಣ್ಣು ಮೆತ್ತಿ ಗೂಡು ಮಾಡಿಬಿಡುತ್ತದೆ, ನಳಿಗೆಯ ಕೆಳತುದಿಯನ್ನೂ ಬಿಡುವುದಿಲ್ಲ. ಬಿಸಿಲಿಗೆ ಕಾದ ಟ್ಯಾಂಕಿನ ಮೇಲೆ ಏಕಾಏಕಿ ಮಳೆ ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ, ಮುಚ್ಚಳದಲ್ಲಿ ಗಾಳಿಯಾಡಲೆಂದೇ ಇರುವ ಉಸಿರಾಟದ ತೂತಿನಿಂದ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆಗ ತೂತಿನ ಮೇಲೆ ನೀರು ನಿಂತಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ, ನೀರು. ಹಳೆಯ ಬುಲೆಟ್ಟು, ಯೆಜ್ಡಿಗಳಲ್ಲಿ ಮುಚ್ಚಳದ ವಾಷರ್ ಬಿರುಕು ಬಿಟ್ಟಿದ್ದರೆ ಇಷ್ಟೆಲ್ಲ ಸುತ್ತುಬಳಸಿನ ದಾರಿಯೂ ಬೇಡ.

ಹಾಗಾಗಿ ಮೇ ತಿಂಗಳಲ್ಲಿ ಮಾಡಬೇಕಾದ ಮೊದಲ ಕೆಲಸಕ್ಕೆ ಖರ್ಚು ಹೆಚ್ಚಿಲ್ಲ. ಮುಚ್ಚಳದ ವಾಷರ್ ಗಟ್ಟಿಯಾಗಿದ್ದರೆ ಹೊಸದು ಹಾಕಿಸಿ. ಮುಚ್ಚಳದ ಸುತ್ತ ಒಂದು ಚಮಚ ನೀರು ಬಿಟ್ಟು ಅದು ಕೆಳಗೆ ಬಂದು ತೊಟ್ಟಿಕ್ಕುತ್ತದೆಯೇ ನೋಡಿ. ಬಾರದಿದ್ದರೆ ಆ ನೀರನ್ನು ಬಟ್ಟೆಯಲ್ಲಿ ಹೀರಿ ತೆಗೆದು, ಕೆಳತುದಿಯಿಂದ ತೆಳುವಾದ ನೈಲಾನ್ ತಂತಿ ತೂರಿಸಿ ಮಣ್ಣು ತೆಗೆಯಿರಿ. ಕಬ್ಬಿಣದ ತಂತಿ ಬೇಡ, ನಳಿಗೆ ತೂತಾದರೆ ಹೊಸ ರಗಳೆ.

ಇಷ್ಟಾದ ಮೇಲೂ ಗಾಳಿಯ ಆ ಒಂದೂವರೆ ಮಿಲಿಲೀಟರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪೆಟ್ರೋಲು ಕೆಡಲು ಅದು ಸಾಲದು, ಉಕ್ಕು ಕೆಡಲು ಸಾಕು. ಪೆಟ್ರೋಲಿನಲ್ಲಿ ಮುಳುಗಿದ ಭಾಗಕ್ಕೆ ತೊಂದರೆ ಕಡಿಮೆ. ಅದರ ಮೇಲಿನ ಬರಿಯ ಗೋಡೆಗೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಅಂಟಿದರೂ ತುಕ್ಕು ಶುರು. ಒಳಗೆ ಲೇಪನವಿಲ್ಲದ ಹಳೆಯ ಟ್ಯಾಂಕುಗಳಲ್ಲಿ ಇದು ಬೇಗ, ಹೊಸದರಲ್ಲಿ ನಿಧಾನ. ಪೆಟ್ರೋಲಿಗಿಂತ ನೀರು ಭಾರ, ಆದ್ದರಿಂದ ತಳ ಸೇರಿದ ನೀರು ಅತ್ಯಂತ ತಗ್ಗಿನ ಮೂಲೆಗೆ ಹೋಗಿ ಕೂರುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ಎಡಕ್ಕೆ ವಾಲಿಸಿ ನಿಲ್ಲಿಸಿದ ಬೈಕಿನಲ್ಲಿ ಆ ಮೂಲೆ ಎಡಬದಿಯ ಹಿಂಭಾಗ. ಸೀಟಿನ ಹತ್ತಿರ ಎಡಗಡೆ ಪೇಂಟು ಗುಳ್ಳೆ ಎದ್ದು ಪೆಟ್ರೋಲು ಜಿನುಗುವ ಹಳೆಯ ಟ್ಯಾಂಕುಗಳು ಮೆಕ್ಯಾನಿಕ್ ಅಂಗಡಿಗಳಲ್ಲಿ ಅಪರೂಪವಲ್ಲ. ಆ ತೂತು ಒಳಗಿನಿಂದ ತಿಂದು ಹೊರಬಂದದ್ದು. ಡಬಲ್ ಸ್ಟ್ಯಾಂಡ್ ಇದ್ದರೆ ನಾಲ್ಕು ತಿಂಗಳಿಗೆ ಅದರ ಮೇಲೇ ನಿಲ್ಲಲಿ.

ಎಥನಾಲ್ ಬಂದ ಮೇಲೆ ಏನು ಬದಲಾಯಿತು

ಅಪ್ಪನ ಕಾಲದ ಅನುಭವ ಈಗ ಪೂರ್ತಿ ನಡೆಯದಿರುವುದಕ್ಕೆ ಕಾರಣ ಬಂಕಿನಲ್ಲಿದೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಸರಾಸರಿ ಶೇಕಡಾ 10ರಷ್ಟು ಎಥನಾಲ್ ಎಂಬ ಆಲ್ಕೊಹಾಲ್ ಸೇರಿತ್ತು. ಶೇಕಡಾ 20 ಸೇರಿಸಿದ ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, 2025ರ ಹೊತ್ತಿಗೆ ಅದು ಎಲ್ಲೆಡೆಯ ಮಾಮೂಲಿ ಪೆಟ್ರೋಲಾಯಿತು.

ಹಳೆಯ ಪೆಟ್ರೋಲಿಗೂ ನೀರಿಗೂ ಆಗಿಬರುತ್ತಿರಲಿಲ್ಲ. ನೀರು ಸೇರಿದರೆ ತಳದಲ್ಲಿ ಗುಂಡುಗುಂಡಾಗಿ ಬೇರೆಯೇ ಕೂತಿರುತ್ತಿತ್ತು, ಪೆಟ್ರೋಲು ತನ್ನ ಪಾಡಿಗೆ ಮೇಲಿರುತ್ತಿತ್ತು. ಎಥನಾಲ್ ಎರಡೂ ಮನೆಗೆ ಬೇಕಾದ ನೆಂಟ. ಸ್ವಲ್ಪ ನೀರಿದ್ದರೆ ಅದನ್ನೂ ಪೆಟ್ರೋಲಿನಲ್ಲಿ ಕರಗಿಸಿ ಇಟ್ಟುಕೊಳ್ಳುತ್ತದೆ, ಇಂಜಿನ್ನಿಗೆ ಗೊತ್ತೇ ಆಗುವುದಿಲ್ಲ. ನೀರು ಒಂದು ಮಿತಿ ದಾಟಿತೋ, ಪಕ್ಷ ಬದಲಾಯಿಸಿ ನೀರಿನ ಜೊತೆ ತಳಕ್ಕೆ ಇಳಿದುಬಿಡುತ್ತದೆ. ಆಗ ಕೆಳಗೆ ನೀರು ಮತ್ತು ಎಥನಾಲಿನ ಒಂದು ಪದರ, ಮೇಲೆ ಆಕ್ಟೇನ್ (ಇಂಜಿನ್ ಬಡಿಯದಂತೆ ತಡೆಯುವ ಗುಣ) ಕಳೆದುಕೊಂಡ ಪೆಟ್ರೋಲಿನ ಇನ್ನೊಂದು ಪದರ. ಒಮ್ಮೆ ಹೀಗೆ ಬೇರೆಯಾದದ್ದನ್ನು ಅಲ್ಲಾಡಿಸಿ ಸೇರಿಸಲು ಬರುವುದಿಲ್ಲ.

ಆ ಮಿತಿ ಎಷ್ಟು? ಶೇಕಡಾ 10 ಎಥನಾಲ್ ಇರುವ ಪೆಟ್ರೋಲು 15 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಅರ್ಧ ಶೇಕಡಾದಷ್ಟು ನೀರನ್ನು ತಡೆದುಕೊಳ್ಳುತ್ತದೆ. ಹನ್ನೆರಡು ಲೀಟರಿಗೆ 60 ಮಿಲಿಲೀಟರ್. ಉಷ್ಣಾಂಶ ಇಳಿದಷ್ಟೂ ಮಿತಿ ಇಳಿಯುತ್ತದೆ. ಚಳಿದೇಶದವರು ಎಥನಾಲ್ ಅಂದರೆ ಹೆದರುವುದಕ್ಕೆ ಇದೂ ಒಂದು ಕಾರಣ. ನಮ್ಮ ಮಳೆಗಾಲ ಅಷ್ಟು ತಣ್ಣಗಿಲ್ಲ, ಇ20ಯಲ್ಲಿ ಎಥನಾಲೂ ಹೆಚ್ಚು, ಆದ್ದರಿಂದ ನಮಗೆ ಮಿತಿ ಇದಕ್ಕಿಂತ ಮೇಲೇ ಇರುತ್ತದೆ. ಗಾಳಿಯ ತೇವ ಕೊಡುವ ಒಂದೂವರೆ ಮಿಲಿಲೀಟರನ್ನು ಇದರ ಪಕ್ಕ ಇಟ್ಟು ನೋಡಿ. ಎಥನಾಲ್ ಗಾಳಿಯಿಂದ ನೀರು ಹೀರಿ ಒಂದೇ ಮಳೆಗಾಲದಲ್ಲಿ ಪೆಟ್ರೋಲನ್ನು ಒಡೆದುಹಾಕುತ್ತದೆ ಅನ್ನುವ ಭಯಕ್ಕೆ ಆಧಾರ ಸಾಲದು. ಒಡೆದಿದ್ದರೆ ಮುಚ್ಚಳದ ಕಡೆ ನೋಡಬೇಕು, ಇಲ್ಲವೇ ಪೆಟ್ರೋಲು ತಂದ ಕ್ಯಾನಿನ ಕಡೆ.

ಹಾಗಂತ ಎಥನಾಲ್ ನಿರಪರಾಧಿ ಏನಲ್ಲ. ಶುದ್ಧ ಪೆಟ್ರೋಲಿನಲ್ಲಿ ವಿದ್ಯುತ್ ಹರಿಯುವುದು ಇಲ್ಲವೆನ್ನುವಷ್ಟು ಕಡಿಮೆ, ಎಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಅದಕ್ಕಿಂತ ಬಹಳ ಹೆಚ್ಚು. ತುಕ್ಕು ಹಿಡಿಯುವುದು ವಿದ್ಯುತ್-ರಾಸಾಯನಿಕ ಕ್ರಿಯೆ, ಆದ್ದರಿಂದ ತಳದಲ್ಲಿ ಆ ಪದರ ಕೂತರೆ ಉಕ್ಕನ್ನೂ ಕಾರ್ಬೊರೇಟರಿನ ಸತುವಿನ ಮಿಶ್ರಲೋಹವನ್ನೂ ವೇಗವಾಗಿ ತಿನ್ನುತ್ತದೆ. ಹಳೆಯ ಬೈಕುಗಳ ರಬ್ಬರ್ ಪೈಪು, ವಾಷರುಗಳು ಎಥನಾಲಿಗೆ ಊದಿಕೊಳ್ಳುತ್ತವೆ, ಆಮೇಲೆ ಒಣಗಿ ಬಿರಿಯುತ್ತವೆ. ತೂತಾದ ಟ್ಯಾಂಕಿಗೆ ಹಿಂದೆ ಯಾವಾಗಲೋ ಒಳಗಿನಿಂದ ಬಳಿಸಿದ ಎಪಾಕ್ಸಿ ಲೇಪನ ಮೆತ್ತಗಾಗಿ ಸಿಪ್ಪೆ ಸಿಪ್ಪೆಯಾಗಿ ಏಳುವುದೂ ಉಂಟು.

ಕಣ್ಣಾರೆ ನೋಡಬೇಕೆಂದರೆ ಅಂಗಳದಲ್ಲಿ, ಒಲೆ ಬೀಡಿ ಯಾವುದೂ ಹತ್ತಿರವಿಲ್ಲದ ಕಡೆ, ಅಳತೆ ಗುರುತಿರುವ ಗಾಜಿನ ಪಾತ್ರೆಗೆ 100 ಮಿಲಿಲೀಟರ್ ಪೆಟ್ರೋಲು ಮತ್ತು 20 ಮಿಲಿಲೀಟರ್ ನೀರು ಹಾಕಿ ಕಲಕಿ ಬಿಡಿ. ಸ್ವಲ್ಪ ಹೊತ್ತಿಗೆ ತಳದ ಪದರ 20 ಇದ್ದದ್ದು 40ರ ಹತ್ತಿರ ಬಂದಿರುತ್ತದೆ. ಹೆಚ್ಚಾದದ್ದೆಲ್ಲ ಪೆಟ್ರೋಲಿನಿಂದ ಇಳಿದು ಬಂದ ಎಥನಾಲ್.

ತುಂಬಿಸಿಡುವುದೇ ಬಹುಪಾಲು ಜನರಿಗೆ ಸರಿ

ಮೂರು ನಾಲ್ಕು ತಿಂಗಳ ಮಾತಾದರೆ ನನ್ನ ಓಟು ತುಂಬಿದ ಟ್ಯಾಂಕಿಗೆ. ಒಳಗೆ ಬರಿಯ ಗೋಡೆ ಉಳಿಯುವುದಿಲ್ಲ, ಗಾಳಿ ಹೊಕ್ಕು ಹೊರಡುವುದಕ್ಕೆ ಜಾಗವಿರುವುದಿಲ್ಲ, ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ ಹೋಗುವುದೂ ಕಡಿಮೆ. ಆ ಹಗುರ ಅಂಶಗಳೇ ತಣ್ಣಗಿನ ಇಂಜಿನ್ ಬೇಗ ಹಿಡಿಯಲು ಬೇಕಾದವು. ಅವು ಹೋದ ಮೇಲೆ ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತದೆ.

ತುಂಬಿಸುವುದು ಅಂದರೆ ಮುಚ್ಚಳಕ್ಕೆ ತಾಗುವ ತನಕ ಅಲ್ಲ. ಒಳಗೆ ಇಳಿಬಿದ್ದಿರುವ ಕತ್ತಿನ ಕೆಳಅಂಚಿನ ತನಕ ಸಾಕು. ಹನ್ನೆರಡು ಲೀಟರ್ ಪೆಟ್ರೋಲು 15 ಡಿಗ್ರಿ ಬಿಸಿಯಾದರೆ ಸುಮಾರು 170 ಮಿಲಿಲೀಟರ್ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. 2020ರ ಏಪ್ರಿಲಿನಿಂದ ಬಂದ ಬಿಎಸ್6 ಬೈಕುಗಳಲ್ಲಿ ಪೆಟ್ರೋಲಿನ ಆವಿ ಹಿಡಿಯುವ ಇದ್ದಿಲಿನ ಡಬ್ಬಿಯೊಂದಿರುತ್ತದೆ. ಉಕ್ಕಿದ ಪೆಟ್ರೋಲು ಅದರೊಳಗೆ ಹೋದರೆ ಅದು ಕೆಲಸಕ್ಕೆ ಬಾರದಾಗುತ್ತದೆ.

ಸ್ಟೆಬಿಲೈಜರ್ ಹಾಕುವುದಾದರೆ ಹೊಸ ಪೆಟ್ರೋಲಿಗೆ, ಬಂಕಿನಿಂದ ತಂದ ದಿನವೇ ಹಾಕಬೇಕು. ಪೆಟ್ರೋಲು ಅಂಟಾಗುವುದನ್ನು ಅದು ನಿಧಾನ ಮಾಡುತ್ತದೆ. ಹಳಸಿದ್ದನ್ನು ಹೊಸತು ಮಾಡುವುದಿಲ್ಲ, ನೀರನ್ನು ಮಾಯ ಮಾಡುವುದೂ ಇಲ್ಲ. ನೀರು ತೆಗೆಯುತ್ತದೆ ಅಂತ ಮಾರುವ ಕೆಲವು ಶೀಶೆಗಳಲ್ಲಿ ಇರುವುದು ಒಂದು ಬಗೆಯ ಆಲ್ಕೊಹಾಲ್. ಆಗಲೇ ಐದನೇ ಒಂದು ಭಾಗ ಆಲ್ಕೊಹಾಲ್ ಇರುವ ಪೆಟ್ರೋಲಿಗೆ ಇನ್ನೊಂದು ಚಮಚ ಹಾಕುವುದು ದುಡ್ಡು ದಂಡ. ಸ್ಟೆಬಿಲೈಜರ್ ಹಾಕಿದ ಮೇಲೆ ಹತ್ತು ನಿಮಿಷ ಬೈಕು ಓಡಿಸಿ ಬನ್ನಿ, ಕಾರ್ಬೊರೇಟರಿನ ತನಕ ಅದು ತಲುಪಲಿ. ಆಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ ಇಂಜಿನ್ ತಾನಾಗಿ ನಿಲ್ಲುವ ತನಕ ಬಿಡಿ, ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಿ. ಟ್ಯಾಂಕಿಗಿಂತ ಮೊದಲು ಕೆಡುವುದು ಕಾರ್ಬೊರೇಟರಿನಲ್ಲಿ ನಿಂತ ಆ ನಾಲ್ಕು ಚಮಚ ಪೆಟ್ರೋಲು. ಪೆಟ್ರೋಲು ಹಾಯುವ ಕೂದಲೆಳೆಯಂಥ ತೂತು, ಅಂದರೆ ಜೆಟ್, ಕಟ್ಟಿಕೊಳ್ಳುವುದು ಅದರ ಅಂಟಿನಿಂದಲೇ. ಕಾರ್ಬೊರೇಟರೇ ಇಲ್ಲದ ಇಂಜೆಕ್ಷನ್ ಬೈಕುಗಳಲ್ಲಿ ಈ ಕೆಲಸವಿಲ್ಲ. ಅವುಗಳ ಪಂಪು ಸಾಮಾನ್ಯವಾಗಿ ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿ ಕೂತಿರುತ್ತದೆ, ಅಂಥ ಬೈಕನ್ನು ಬರಿದು ಮಾಡಿ ಇಡುವ ಯೋಚನೆಯೇ ಬೇಡ.

ವಾರಕ್ಕೊಮ್ಮೆ ನಿಂತಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುವ ಪದ್ಧತಿ ಹಲವರ ಮನೆಯಲ್ಲಿದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೊರಹೋಗುತ್ತದೆ. ಐದು ನಿಮಿಷಕ್ಕೆ ನಿಲ್ಲಿಸಿದರೆ ಸೈಲೆನ್ಸರಿನೊಳಗೂ ಇಂಜಿನ್ ಆಯಿಲಿನಲ್ಲೂ ಉಳಿಯುತ್ತದೆ. ಮಳೆ ಹೊಳವಾದ ದಿನ ಹದಿನೈದು ಕಿಲೋಮೀಟರ್ ಓಡಿಸಿ ಬರಲು ಸಾಧ್ಯವಿದ್ದರೆ ಮಾಡಿ. ಆಗ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗಿಯೇ ಇಲ್ಲ.

ತುಂಬಿದ ಟ್ಯಾಂಕಿನ ಬೈಕಿಗೆ ಜಾಗ ಎಲ್ಲಿ? ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಕಾಕ್ ಜಿನುಗಿದರೆ ಆವಿ ಮೇಲೇರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ಹೊಸಿಲು ದಾಟಿ ತಗ್ಗಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಬಚ್ಚಲೊಲೆ ಆರುವುದೇ ಅಪರೂಪ, ಎಷ್ಟೋ ಮನೆಗಳಲ್ಲಿ ಬಚ್ಚಲು ಉಳಿದ ನೆಲಕ್ಕಿಂತ ಒಂದು ಮೆಟ್ಟಿಲು ಕೆಳಗೂ ಇರುತ್ತದೆ. ಆದ್ದರಿಂದ ಬೈಕು ಬಚ್ಚಲಿನ ಗೋಡೆಯಾಚೆ ಅಲ್ಲ, ಮನೆಯಿಂದ ಬಿಡಿಯಾಗಿರುವ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಅಥವಾ ಮುಂದಿನ ಶೆಡ್ಡಿನಲ್ಲಿ ಇರಲಿ. ಇರಚಲು ಹೊಡೆಯದ ಮೂಲೆ ನೋಡಿ. ಹಸಿ ಮಣ್ಣಿನ ನೆಲವಾದರೆ ಚಕ್ರದ ಕೆಳಗೆ ಹಲಗೆ ಹಾಕಿ. ಟಾರ್ಪಾಲು ಬಿಗಿದು ಸುತ್ತಿದರೆ ತೇವ ಒಳಗೇ ಉಳಿಯುತ್ತದೆ, ಹಳೆಯ ಹತ್ತಿ ಬೆಡ್‌ಶೀಟು ಸಾಕು. ಅಲ್ಲೇ ಕೊಳೆ ಔಷಧಿಗೆ ತಂದ ಮೈಲುತುತ್ತದ ಚೀಲವಿದ್ದರೆ ಬೈಕನ್ನು ದೂರ ಸರಿಸಿ. ಅದರ ನೀರು ಪೇಂಟು ಕಿತ್ತ ಉಕ್ಕಿಗೆ ಸಿಡಿದರೆ ಅಲ್ಲಿ ತಾಮ್ರ ಕೂರುತ್ತದೆ, ಕೂತ ಕಡೆ ತುಕ್ಕು ಓಡುತ್ತದೆ. ಇಲಿ ಕಾಟವಿದ್ದರೆ ಪೆಟ್ರೋಲ್ ಪೈಪನ್ನು ಆಗಾಗ ನೋಡುತ್ತಿರಿ.

ಬರಿದಾದ ಟ್ಯಾಂಕಿನ ಅಪಾಯ

ಬಿಚ್ಚಿ ಅಟ್ಟಕ್ಕೇರಿಸುವ ಟ್ಯಾಂಕು, ಪೇಂಟಿಗೆ ಹೋಗಬೇಕಾದ ಟ್ಯಾಂಕು, ವರ್ಷಗಟ್ಟಲೆ ನಿಲ್ಲುವ ಬೈಕು, ಇವಕ್ಕೆ ಬರಿದು ಮಾಡುವುದೇ ದಾರಿ. ಪೆಟ್ರೋಲು ತೆಗೆದಾಯಿತು, ಇನ್ನೇನು ಭಯ ಅನ್ನಿಸುತ್ತದೆ. ಲೆಕ್ಕ ಉಲ್ಟಾ ಇದೆ.

ಉರಿಯುವುದು ಪೆಟ್ರೋಲಿನ ದ್ರವವಲ್ಲ, ಗಾಳಿಯ ಜೊತೆ ಸೇರಿದ ಅದರ ಆವಿ. ಆ ಆವಿ ಗಾಳಿಯಲ್ಲಿ ಸುಮಾರು ಶೇಕಡಾ 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ ಹತ್ತಿಕೊಳ್ಳುತ್ತದೆ. ಪೆಟ್ರೋಲು ತುಂಬಿದ, ಮುಚ್ಚಳ ಹಾಕಿದ ಟ್ಯಾಂಕಿನೊಳಗೆ ನಮ್ಮ ಹವೆಯಲ್ಲಿ ಆವಿಯ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು; ಉರಿಯಲು ಬೇಕಾದಷ್ಟು ಗಾಳಿಯೇ ಅಲ್ಲಿಲ್ಲ. ಬರಿದು ಮಾಡಿದ ಟ್ಯಾಂಕಿಗೆ ಗಾಳಿ ತುಂಬುತ್ತದೆ, ಗೋಡೆಗೆ ಅಂಟಿದ ಪೆಟ್ರೋಲು ಮೆಲ್ಲಗೆ ಆವಿಯಾಗುತ್ತದೆ. ಒಂದು ಮಿಲಿಲೀಟರ್ ಪೆಟ್ರೋಲು ಆವಿಯಾದರೆ ಸುಮಾರು 200 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಹಾಗಾದರೆ ಹನ್ನೆರಡು ಲೀಟರಿನ ಟ್ಯಾಂಕನ್ನು ಸಿಡಿಯುವ ಸ್ಥಿತಿಗೆ ತರಲು ಎಷ್ಟು ಪೆಟ್ರೋಲು ಬೇಕು? ಒಂದು ಮಿಲಿಲೀಟರಿನ ಆಸುಪಾಸಿನಲ್ಲಿ ಶುರುವಾಗಿ ನಾಲ್ಕೈದು ಮಿಲಿಲೀಟರಿನ ತನಕ. ಒಂದು ಟೀ ಚಮಚದೊಳಗೆ ಮುಗಿಯಿತು. ಮಡಿಕೆಗಳಲ್ಲಿ, ತುಕ್ಕಿನ ಪದರದ ಕೆಳಗೆ, ಕಾಕಿನ ಸುತ್ತ ಅಷ್ಟು ಉಳಿಯದ ಟ್ಯಾಂಕೇ ಇಲ್ಲ. ಪೆಟ್ರೋಲಿಗೆ ಬೆಂಕಿ ತಗುಲಲು ಬಿಸಿ ಬೇಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹತ್ತುವಷ್ಟು ಆವಿ ಅದರಿಂದ ಏಳುತ್ತದೆ.

ಬರಿದಾದ ಟ್ಯಾಂಕನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು ಅನ್ನುವುದು ಇದಕ್ಕೇ. ವಾಸನೆ ಬರುತ್ತಿಲ್ಲ ಅನ್ನುವುದನ್ನೂ ನಂಬಬೇಡಿ. ಮೂಗು ಪೆಟ್ರೋಲಿನ ವಾಸನೆಗೆ ಬೇಗ ಒಗ್ಗುತ್ತದೆ. ತುಕ್ಕಿನಡಿ ಅಡಗಿದ್ದದ್ದು ಬಿಸಿ ತಾಗಿದಾಗ ಮತ್ತೆ ಏಳುತ್ತದೆ. ತೂತಿಗೆ ಬೆಸುಗೆ ಹಾಕಿಸುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಎರಡು ವರ್ಷ ಖಾಲಿ ಬಿದ್ದಿದ್ದ ಟ್ಯಾಂಕು, ಸೋಪಿನ ನೀರಲ್ಲಿ ತೊಳೆದ ಟ್ಯಾಂಕು, ಬಿಸಿಲಿಗೆ ಒಣಗಿಸಿದ ಟ್ಯಾಂಕು, ಇವು ಯಾವುದಕ್ಕೂ ಬೆಂಕಿ ತೋರಿಸುವ ಹಾಗಿಲ್ಲ. ಒಳಗಿನ ಗಾಳಿಯನ್ನೇ ತೆಗೆದು ಜಡ ಅನಿಲ ತುಂಬಿ ಬೆಸುಗೆ ಹಾಕುವ ವ್ಯವಸ್ಥೆ ಇರುವವರ ಹತ್ತಿರ ಮಾತ್ರ ಕೊಡಿ, ಇಲ್ಲವಾದರೆ ಆ ಟ್ಯಾಂಕನ್ನು ಗುಜರಿಗೆ ಹಾಕಿ.

ಪೆಟ್ರೋಲು ಇಳಿಸುವ ಕ್ರಮ ಹೀಗೆ. ಮಳೆಯಿಲ್ಲದ ಹಗಲು ಹೊತ್ತು, ಅಂಗಳದಲ್ಲಿ, ತಣ್ಣಗಿನ ಇಂಜಿನ್, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಕಾಕಿಗೆ ಪೈಪು ಸಿಕ್ಕಿಸಿ ನೆಲದ ಮೇಲಿಟ್ಟ ಲೋಹದ ಕ್ಯಾನಿಗೆ ಬಿಡಿ, ಕೊನೆಯಲ್ಲಿ ರಿಸರ್ವಿಗೆ ತಿರುಗಿಸಿ. ಪೈಪು ಬಾಯಿಗಿಟ್ಟು ಎಳೆಯುವುದು ನಮ್ಮಲ್ಲಿ ತೀರಾ ಸಾಮಾನ್ಯ, ತೀರಾ ಕೆಟ್ಟ ಅಭ್ಯಾಸ. ಹೊಟ್ಟೆಗೆ ಹೋದ ಪೆಟ್ರೋಲಿಗಿಂತ ಶ್ವಾಸಕೋಶಕ್ಕೆ ಇಳಿದ ಒಂದು ಗುಟುಕು ಹೆಚ್ಚು ಅಪಾಯ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಂಜೆಕ್ಷನ್ ಬೈಕಾದರೆ ಮೆಕ್ಯಾನಿಕ್ ಕೈಗೆ ಬಿಡುವುದು ಒಳ್ಳೆಯದು, ಪಂಪು ಬಿಚ್ಚಬೇಕಾಗುತ್ತದೆ.

ಇಳಿಸಿದ ಟ್ಯಾಂಕಿನ ಮುಚ್ಚಳ, ಕಾಕ್ ಎರಡೂ ತೆಗೆದು, ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಬೋರಲು ಹಾಕಿ. ತಡ ಮಾಡಬೇಡಿ, ಒಣಗಿದ ಬರಿಯ ಉಕ್ಕಿಗೆ ಮಲೆನಾಡಿನ ಗಾಳಿ ವಾರದೊಳಗೆ ಕೆಂಪು ಹಚ್ಚುತ್ತದೆ. ನೂರು, ನೂರೈವತ್ತು ಮಿಲಿಲೀಟರ್ ಹೊಸ ಇಂಜಿನ್ ಆಯಿಲ್ ಅಥವಾ 2ಟಿ (ಟೂ-ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಹಾಕಿ, ತೂತು ಮುಚ್ಚಿ, ಎಲ್ಲ ಮಗ್ಗುಲಿಗೂ ನಿಧಾನವಾಗಿ ಹೊರಳಿಸಿ. ಮಿಕ್ಕಿದ್ದನ್ನು ಸುರಿದು ತೆಗೆದು, ರಬ್ಬರ್ ಬಿರಡೆ ಹಾಕಿ ಬಿಗಿಯಾಗಿ ಮುಚ್ಚಿ. ಕೆಲವು ಮೆಕ್ಯಾನಿಕ್‌ಗಳು ಆಯಿಲಿನ ಬದಲು ಡೀಸೆಲ್ ಹೊಯ್ಯುತ್ತಾರೆ. ತುಕ್ಕಿನ ಮಟ್ಟಿಗೆ ಅದೂ ನಡೆಯುತ್ತದೆ. ಆದರೆ ತಳದಲ್ಲಿ ಪೆಟ್ರೋಲು ಉಳಿದಿದ್ದರೆ ಆ ಮಿಶ್ರಣ ಬೆಂಕಿಯ ಮುಂದೆ ಡೀಸೆಲಿನಂತೆ ಅಲ್ಲ, ಪೆಟ್ರೋಲಿನಂತೆ ನಡೆದುಕೊಳ್ಳುತ್ತದೆ. ನಾನಾದರೆ ಆಯಿಲ್ ಹಾಕುತ್ತೇನೆ. ಸಿದ್ಧವಾದ ಟ್ಯಾಂಕನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಶೆಡ್ಡಿನ ತೊಲೆಗೆ ತೂಗುಹಾಕಿ, ಅಥವಾ ಒಲೆಯಿಲ್ಲದ ಬದಿಯ ಕೋಣೆಯಲ್ಲಿಡಿ.

ಮತ್ತೆ ತೆಗೆಯುವಾಗ

ಸ್ವಾತಿ ಮಳೆ ಮುಗಿದ ಮೇಲೆ ತೆಗೆಯುವಾಗ ಕಿಕ್ಕರ್ ಮೇಲೆ ಕಾಲಿಡುವ ಮೊದಲು ಕಾಕಿನಿಂದ ಒಂದು ಗಾಜಿನ ಶೀಶೆಗೆ ಸ್ವಲ್ಪ ಪೆಟ್ರೋಲು ಹಿಡಿಯಿರಿ, ರಿಸರ್ವಿನಲ್ಲೇ ಇಟ್ಟು. ಮಾಮೂಲಿ ಆನ್ ನಳಿಗೆಯ ಬಾಯಿ ತಳದಿಂದ ಮೇಲಿರುತ್ತದೆ, ತಳದ ನೀರು ಅದಕ್ಕೆ ಸಿಗುವುದಿಲ್ಲ. ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿ, ಒಂದೇ ಪದರವಾಗಿ ಇದ್ದು, ಘಾಟು ಪೆಟ್ರೋಲಿನದ್ದೇ ಆಗಿದ್ದರೆ ಹೊಸ ಪೆಟ್ರೋಲು ಬೆರೆಸಿ ಓಡಿಸಬಹುದು. ಮಸುಕಾಗಿದ್ದರೆ ಅಥವಾ ತಳದಲ್ಲಿ ಇನ್ನೊಂದು ಪದರ ಕಂಡರೆ ಪೂರ್ತಿ ಇಳಿಸಲೇಬೇಕು, ಮೇಲಿನದ್ದೂ ಸೇರಿ. ವಾರ್ನಿಷಿನಂಥ ಹುಳಿ ವಾಸನೆ ಬಂದರೆ ಕಾರ್ಬೊರೇಟರನ್ನೂ ಬಿಚ್ಚಿ ತೊಳೆಸಿ.

ಒಳಗೆ ತೆಳುವಾದ ತುಕ್ಕಿದ್ದರೆ ಸಿಟ್ರಿಕ್ ಆಸಿಡ್ ಅಂದರೆ ನಿಂಬೆಉಪ್ಪು ಕರಗಿಸಿದ ಬೆಚ್ಚಗಿನ ನೀರು ಒಂದು ರಾತ್ರಿಯಲ್ಲಿ ಎತ್ತುತ್ತದೆ. ಹುಣಸೆಹಣ್ಣೂ ಕೆಲಸ ಮಾಡುತ್ತದೆ ಅನ್ನುವವರಿದ್ದಾರೆ, ಅದರಲ್ಲೂ ಆಮ್ಲ ಇರುವುದು ನಿಜವೇ. ಆದರೆ ಮಡಿಕೆಗಳಿಗೆ ಅಂಟಿದ ಅದರ ನಾರು ತೆಗೆಯುವುದು ತುಕ್ಕು ತೆಗೆಯುವುದಕ್ಕಿಂತ ಕಷ್ಟ. ಆಸಿಡ್ ಚೆಲ್ಲಿದ ಕೂಡಲೇ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ, ಕೂಡಲೇ ಆಯಿಲ್ ಅಥವಾ ಪೆಟ್ರೋಲು ತುಂಬಬೇಕು. ಮಳೆಗಾಲದ ನಡುವೆ ಈ ಕೆಲಸಕ್ಕೆ ಕೈಹಾಕಬೇಡಿ, ತೊಳೆದ ಸಂಜೆಯೇ ಹೊಸ ತುಕ್ಕು ಬಂದಿರುತ್ತದೆ.

ಇನ್ನು ಇಳಿಸಿದ ಪೆಟ್ರೋಲಿನ ವಿಷಯ. ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿ ಜಗಲಿಯ ಮೂಲೆಯಲ್ಲಿ ಇಡುವುದು ಎಲ್ಲ ಊರಲ್ಲೂ ಕಾಣುವ ದೃಶ್ಯ. ಮಕ್ಕಳಿರುವ ಮನೆಯಲ್ಲಿ ಅದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ಕಾನೂನೂ ಒಂದಿದೆ: 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಒಬ್ಬರು ಒಟ್ಟು 30 ಲೀಟರ್ ತನಕ ಇಟ್ಟುಕೊಳ್ಳಬಹುದು, ಗಾಜು ಅಥವಾ ಪಿಂಗಾಣಿಯ ಪಾತ್ರೆಯಾದರೆ ಒಂದೊಂದು 1 ಲೀಟರಿಗಿಂತ ದೊಡ್ಡದಿರಬಾರದು, ಲೋಹದ್ದಾದರೆ 25 ಲೀಟರ್, ಬಿಗಿಯಾಗಿ ಮುಚ್ಚಿರಬೇಕು. ಆ ಸಾಲಿನಲ್ಲಿ ಪ್ಲಾಸ್ಟಿಕ್ಕಿನ ಹೆಸರಿಲ್ಲ. ಬೈಕಿಗೆ ಜೋಡಿಸಿರುವ ಟ್ಯಾಂಕಿನೊಳಗಿನದ್ದು ಬೇರೆ ಲೆಕ್ಕ. ಕಳೆ ಹೊಡೆಯುವ ಮಷೀನು, ಔಷಧಿ ಹೊಡೆಯುವ ಪಂಪು, ಜನರೇಟರು ಅಂತ ತೋಟದ ಮನೆಗಳಲ್ಲಿ ಆಗಲೇ ಎರಡು ಕ್ಯಾನು ಇರುತ್ತವೆ, 30 ಲೀಟರ್ ಬೇಗ ಆಗಿಬಿಡುತ್ತದೆ.

ಇಳಿಸಿದ ಹೊಸ ಪೆಟ್ರೋಲನ್ನು ಅದೇ ವಾರ ದಿನಬಳಕೆಯ ಸ್ಕೂಟರಿಗೆ ಹಾಕಿ ಖಾಲಿ ಮಾಡುವುದು ಎಲ್ಲಕ್ಕಿಂತ ಸುಲಭ. ಕಳೆ ಮಷೀನಿಗೆ ಹಾಕುವುದಾದರೆ ಅದರ ಲೆಕ್ಕದಂತೆ 2ಟಿ ಆಯಿಲ್ ಬೆರೆಸಿ, ಕ್ಯಾನಿನ ಮೇಲೆ ಬರೆದಿಡಿ. ಆಯಿಲ್ ಬೆರೆತದ್ದು ಯಾವುದು, ಬೆರೆಯದ್ದು ಯಾವುದು ಅಂತ ಒಂದು ತಿಂಗಳು ಕಳೆದ ಮೇಲೆ ಬಣ್ಣ ನೋಡಿ ಹೇಳುವುದು ಕಷ್ಟ, ಬೆರೆಸದ ಪೆಟ್ರೋಲು ಹಾಕಿದ ಕಳೆ ಮಷೀನು ಸೀಜ್ ಆಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.